ಆತ್ಮನಿವೇದನೆಯ ಪ್ರಶ್ನಾವಳಿ: ಸ್ಥಿರತೆಯೂ ಸತ್ಯವೂ

ಮನುಷ್ಯನ ಸ್ವಭಾವವನ್ನು ಅರಿಯಬೇಕಾದರೆ ಅವನನ್ನೇ ಕೇಳುವುದು ಅತ್ಯಂತ ಸುಲಭವಾದ ಮಾರ್ಗ. ಮನಶ್ಶಾಸ್ತ್ರದ ಆತ್ಮನಿವೇದನೆಯ ಪ್ರಶ್ನಾವಳಿಗಳು ಅನುಸರಿಸುವುದು ಈ ಮಾರ್ಗವನ್ನೇ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ಸೈನ್ಯಕ್ಕೆ ಸೇರುವವರಲ್ಲಿ ಮಾನಸಿಕ ದೌರ್ಬಲ್ಯವುಳ್ಳವರನ್ನು ಗುರುತಿಸಲೆಂದು ರಾಬರ್ಟ್ ವುಡ್‌ವರ್ತ್ ಅವರು ಹೌದು, ಅಲ್ಲ ಎಂದು ಉತ್ತರಿಸಬೇಕಾದ 116 ಪ್ರಶ್ನೆಗಳ ಪಟ್ಟಿಯೊಂದನ್ನು ರಚಿಸಿದರು. ಅದು ಬಳಕೆಗೆ ಬರುವ ಮೊದಲೇ ಯುದ್ಧ ಮುಗಿಯಿತು. ಪದ್ಧತಿ ಮಾತ್ರ ಉಳಿದು ಬೆಳೆಯಿತು. ಇಂದು ಉದ್ಯೋಗಕ್ಕೆ ಆರಿಸುವಾಗಲೂ ವಿದ್ಯಾರ್ಥಿಗೆ ಸಲಹೆ ನೀಡುವಾಗಲೂ ಇಂಥ ಪಟ್ಟಿಗಳ ಅಂಕಗಳನ್ನು ಆಧಾರವಾಗಿ ಹಿಡಿಯುವುದುಂಟು. ಒಬ್ಬನ ಭವಿಷ್ಯವು ಒಂದು ಸಾಕ್ಷ್ಯದ ಮೇಲೆ ನಿಂತಿರುವಾಗ, ಆ ಸಾಕ್ಷ್ಯದ ಯೋಗ್ಯತೆಯನ್ನು ವಿಚಾರಿಸುವ ಹಕ್ಕು ಇತಿಹಾಸದ ಅಭ್ಯಾಸಿಗೂ ಉಂಟು.

ಪ್ರಶ್ನಾವಳಿಯ ವಿಶ್ವಾಸಾರ್ಹತೆಯನ್ನು ಅಳೆಯಲು ಮುಖ್ಯವಾಗಿ ಮೂರು ವಿಧಾನಗಳಿವೆ. ಅದೇ ಪ್ರಶ್ನೆಗಳನ್ನು ಕೆಲವು ವಾರಗಳ ಬಳಿಕ ಅದೇ ಜನರಿಗೆ ಮತ್ತೆ ಕೊಟ್ಟು ಉತ್ತರಗಳನ್ನು ಹೋಲಿಸುವುದು ಮೊದಲನೆಯದು. ಪ್ರಶ್ನೆಗಳನ್ನು ಎರಡು ಅರ್ಧಗಳಾಗಿ ವಿಭಜಿಸಿ ಅವುಗಳ ಅಂಕಗಳನ್ನು ಹೋಲಿಸುವುದು ಎರಡನೆಯದು. ಇದಕ್ಕೆ ಬೇಕಾದ ಸೂತ್ರವನ್ನು ಸ್ಪಿಯರ್‌ಮನ್ ಮತ್ತು ಬ್ರೌನ್ 1910ರಲ್ಲಿ ಪ್ರತ್ಯೇಕವಾಗಿ ನೀಡಿದರು. ಎಲ್ಲ ಪ್ರಶ್ನೆಗಳ ಪರಸ್ಪರ ಹೊಂದಾಣಿಕೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವುದು ಮೂರನೆಯದು. ಕ್ರಾನ್‌ಬ್ಯಾಕ್ ಅವರು 1951ರಲ್ಲಿ ಪ್ರತಿಪಾದಿಸಿದ ಆಲ್ಫಾ ಗುಣಾಂಕ ಈ ವರ್ಗದ್ದು. ಈ ಮೂರೂ ಉತ್ತರವನ್ನು ಉತ್ತರದೊಡನೆ ತೂಗಿನೋಡುತ್ತವೆಯೇ ಹೊರತು ಉತ್ತರವನ್ನು ನಡತೆಯೊಡನೆ ತೂಗುವುದಿಲ್ಲ. ‘ವಿಶ್ವಾಸಾರ್ಹ’ ಎಂದೊಡನೆ ನಾವು ‘ನಂಬತಕ್ಕದ್ದು’ ಎಂದು ತಿಳಿಯುತ್ತೇವೆ. ಶಾಸ್ತ್ರದಲ್ಲಿ ಆ ಮಾತಿಗೆ ‘ಬದಲಾಗದೆ ನಿಲ್ಲುವಂಥದು’ ಎಂಬಷ್ಟೇ ಅರ್ಥ.

ಈ ಭೇದ ಶಾಸನಗಳನ್ನು ಓದಿದವರಿಗೆ ಹೊಸದಲ್ಲ. ಒಂದು ರಾಜವಂಶದ ತಾಮ್ರಪಟಗಳಲ್ಲಿ ಒಂದೇ ಪ್ರಶಸ್ತಿ ಮತ್ತೆ ಮತ್ತೆ ಬರುತ್ತದೆ. ಹತ್ತು ಪಟಗಳಲ್ಲಿ ಬಂದ ಮಾತ್ರಕ್ಕೆ ಅದು ಹತ್ತು ಪ್ರಮಾಣಗಳಾಗುವುದಿಲ್ಲ, ಹೇಳಿದವನು ಒಬ್ಬನೇ. ಅದನ್ನು ದೃಢಪಡಿಸಲು ಆಸ್ಥಾನದ ಹೊರಗಿನ ಸಾಕ್ಷ್ಯ ಬೇಕು.

ಪ್ರಶ್ನಾವಳಿಗೆ ಅಂಥ ಹೊರಗಿನ ಸಾಕ್ಷ್ಯವನ್ನು ಒದಗಿಸಿದವರಲ್ಲಿ ಸ್ಟೀಫನ್ ಕೋರಿ ಒಬ್ಬರು. 1937ರಲ್ಲಿ ಪ್ರಕಟವಾದ ಅವರ ಅಧ್ಯಯನದ ವಿಷಯ ಪರೀಕ್ಷೆಯಲ್ಲಿ ಮಾಡುವ ಮೋಸ. 67 ಮಂದಿ ಕಾಲೇಜು ವಿದ್ಯಾರ್ಥಿಗಳ ಅಭಿಪ್ರಾಯವನ್ನು ಅವರು ಪ್ರಶ್ನಾವಳಿಯಿಂದ ಸಂಗ್ರಹಿಸಿದರು. ಬಳಿಕ ಆ ವಿದ್ಯಾರ್ಥಿಗಳ ಕಿರುಪರೀಕ್ಷೆಗಳ ಉತ್ತರಪತ್ರಿಕೆಗಳನ್ನು ಗುಟ್ಟಾಗಿ ತಾವೇ ತಿದ್ದಿ ಅಂಕಗಳನ್ನು ಗುರುತಿಸಿಕೊಂಡು, ಅವನ್ನೇ ವಿದ್ಯಾರ್ಥಿಗಳಿಗೆ ಮರಳಿಸಿ, ತಮ್ಮ ತಮ್ಮ ಪತ್ರಿಕೆಯನ್ನು ತಾವೇ ಮೌಲ್ಯಮಾಪನ ಮಾಡಿಕೊಳ್ಳುವಂತೆ ಹೇಳಿದರು. ಎರಡು ಅಂಕಗಳ ನಡುವಿನ ಅಂತರವೇ ಮೋಸದ ಅಳತೆ. ಪ್ರಶ್ನಾವಳಿಯ ವಿಶ್ವಾಸಾರ್ಹತೆಯ ಗುಣಾಂಕ 0.90ಕ್ಕೂ ಮೇಲಿತ್ತು. ಆದರೆ ಅಭಿಪ್ರಾಯಕ್ಕೂ ನಡತೆಗೂ ಇದ್ದ ಸಹಸಂಬಂಧ ಕೇವಲ 0.02ರಷ್ಟು, ಎಂದರೆ ಶೂನ್ಯವೇ ಸರಿ. ವಿದ್ಯಾರ್ಥಿ ಮೋಸ ಮಾಡಿದನೇ ಇಲ್ಲವೇ ಎಂಬುದು ಅವನ ಅಭಿಪ್ರಾಯಕ್ಕಿಂತ ಪರೀಕ್ಷೆಗೆ ಅವನು ಎಷ್ಟು ಸಿದ್ಧನಾಗಿದ್ದನೆಂಬುದನ್ನೇ ಹೆಚ್ಚಾಗಿ ಅವಲಂಬಿಸಿತ್ತು.

ಕೋರಿಯವರ ವಿಧಾನದಲ್ಲಿ ದೋಷವಿಲ್ಲದೆ ಇಲ್ಲ. ವಿದ್ಯಾರ್ಥಿಗಳಿಗೆ ತಿಳಿಸದೆ ಅವರನ್ನು ಪರೀಕ್ಷಿಸಿದುದು ನೀತಿದೃಷ್ಟಿಯಿಂದ ಆಕ್ಷೇಪಾರ್ಹ. ಮೋಸವನ್ನು ಅಳೆಯಲು ಗುರುವೇ ಮೋಸವನ್ನು ಆಶ್ರಯಿಸಿದಂತಾಯಿತು. ಇದಲ್ಲದೆ, ಸಾಮಾನ್ಯವಾದ ಅಭಿಪ್ರಾಯವನ್ನು ಕೇಳಿ ನಿರ್ದಿಷ್ಟವಾದ ಕ್ರಿಯೆಯೊಡನೆ ಹೋಲಿಸಿದರೆ ಹೊಂದಾಣಿಕೆ ಕಡಮೆಯಾಗುವುದು ಸಹಜವೆಂದು ಐಜೆನ್ ಮತ್ತು ಫಿಶ್‌ಬೈನ್ 1977ರಲ್ಲಿ ವಾದಿಸಿದರು. ಈ ವಾದ ಒಪ್ಪತಕ್ಕದ್ದೇ. ಆದರೆ ಅದರಿಂದ ಪ್ರಶ್ನಾವಳಿಯ ಮಿತಿ ಇನ್ನಷ್ಟು ಸ್ಪಷ್ಟವಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಹಾಗೆಂದು ಪ್ರಶ್ನಾವಳಿಗಳನ್ನು ತ್ಯಜಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ವ್ಯಕ್ತಿಯು ತನ್ನನ್ನು ಹೇಗೆ ಕಂಡುಕೊಂಡಿದ್ದಾನೆ, ಅಥವಾ ಹೇಗೆ ಕಾಣಿಸಿಕೊಳ್ಳಲು ಬಯಸುತ್ತಾನೆ ಎಂಬುದೂ ಒಂದು ಸಂಗತಿಯೇ. ಪ್ರಶಸ್ತಿಯಿಂದ ದಿಗ್ವಿಜಯ ಸಿದ್ಧವಾಗದಿದ್ದರೂ ರಾಜನ ಆದರ್ಶವು ತಿಳಿಯುತ್ತದೆ. ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಗುಣಾಂಕವೊಂದನ್ನು ನಮೂದಿಸಿ ತೃಪ್ತರಾಗದೆ, ಈ ಉತ್ತರಕ್ಕೆ ಹೊರಗಿನ ಸಾಕ್ಷಿ ಯಾರು ಎಂದು ಕೇಳಿಕೊಳ್ಳಲಿ. ಅದು ದೊರೆಯುವವರೆಗೆ ಅಂಕವನ್ನು ಹೇಳಿಕೆಯೆಂದು ಬರೆದುಕೊಳ್ಳಬಹುದು; ಅದರ ಬಲದಿಂದ ಒಬ್ಬನ ಮೇಲೆ ತೀರ್ಪು ಕೊಡಲಾಗದು.