ರನ್ನನಿಗೆ ಬಾಗಿಲು ತೆರೆದವರು

ಬಿ.ಎ.ದಲ್ಲಿ ನನಗೆ ಬಂದದ್ದು ಥರ್ಡ್ ಕ್ಲಾಸ್. ಜಮಖಂಡಿ, ಬೀಳಗಿ, ಬನಹಟ್ಟಿ ಕಡೆಯ ಹುಡುಗರಿಗೆ ಇದರ ಅರ್ಥ ಗೊತ್ತು. ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ. 50 ಇಲ್ಲದಿದ್ದರೆ ಬಿ.ಎಡ್. ಕಷ್ಟ, ಎಂ.ಎ.ದಲ್ಲಿ ಶೇ. 55 ಇಲ್ಲದಿದ್ದರೆ ಕೆ-ಸೆಟ್ ಇಲ್ಲ. ಒಂದು ಸಂದರ್ಶನದಲ್ಲಿ ಅಂಕಪಟ್ಟಿ ನೋಡಿದವರು ಮುಂದಿನ ಪ್ರಶ್ನೆಯನ್ನೇ ಕೇಳಲಿಲ್ಲ. ‘ರನ್ನನ ಊರಿನವ ನೀನು, ಧೈರ್ಯಗೆಡಬ್ಯಾಡ’ ಎಂದು ಹಿರಿಯರು ಸಮಾಧಾನ ಹೇಳಿದರು.

ಆ ಸಮಾಧಾನದಲ್ಲಿ ರನ್ನನ ಅರ್ಧ ಕಥೆ ಮಾತ್ರ ಇದೆ. ಮುಧೋಳದ ಬಳೆಗಾರರ ಮನೆಯ ಹುಡುಗ ವಿದ್ಯೆ ಹುಡುಕಿ ಶ್ರವಣಬೆಳಗೊಳದವರೆಗೆ ಹೋದ, ಕವಿಚಕ್ರವರ್ತಿಯಾದ, ನಿಜ. ಆದರೆ ಅಜಿತಸೇನಾಚಾರ್ಯರು ಕಲಿಸಿದರು, ಚಾವುಂಡರಾಯ ಕೈಹಿಡಿದ, ಅತ್ತಿಮಬ್ಬೆ 993ರಲ್ಲಿ ‘ಅಜಿತಪುರಾಣ’ ಬರೆಸಿದಳು, ತೈಲಪ ಆಸ್ಥಾನದಲ್ಲಿ ಜಾಗ ಕೊಟ್ಟ. ಇವರನ್ನು ಬಿಟ್ಟು ಬರೀ ಛಲದ ಕಥೆ ಹೇಳಿದರೆ, ನೌಕರಿ ಸಿಗದವನದೇ ತಪ್ಪು ಎಂದಂತಾಗುತ್ತದೆ.

ಉಳಿದರ್ಧ ‘ಗದಾಯುದ್ಧ’ದಲ್ಲಿದೆ. ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿದ ಕಾವ್ಯವಿದು, ಗೆಲ್ಲಬೇಕಾದವನು ಭೀಮನೇ. ಆದರೂ ಮನಸ್ಸಿನಲ್ಲಿ ಉಳಿಯುವವನು ಹೆಣಗಳ ನಡುವೆ ನಡೆಯುತ್ತ ಕರ್ಣನಿಗಾಗಿ ಅಳುವ ದುರ್ಯೋಧನ. ಸಭೆ ಕುಲ ಕೇಳಿ ಕರ್ಣನನ್ನು ತಡೆದಾಗ ಅಂಗರಾಜ್ಯ ಕೊಟ್ಟವನೂ ಇವನೇ. ಒಡೆಯನ ಕೆಲಸ ಮಾಡುತ್ತಲೇ ರನ್ನ ಸೋತವನ ದುಃಖಕ್ಕೆ ದನಿಯಾದ.

ಕೆ.ಎ.ಎಸ್. ಪರೀಕ್ಷೆಗೆ ಇಂದಿಗೂ ಪದವಿ ಇದ್ದರೆ ಸಾಕು, ದರ್ಜೆ ಕೇಳುವುದಿಲ್ಲ. ಆ ಅರ್ಜಿ ತುಂಬುವ ಹುಡುಗರಿಗೆ ನಾನು ಹೇಳುವುದಿಷ್ಟು: ರನ್ನನ ಬಿರುದು ನೋಡಿ ಹಿಗ್ಗಬೇಡಿ, ಅವನ ದುರ್ಯೋಧನನನ್ನು ಓದಿ. ನಾಳೆ ಕುರ್ಚಿ ಸಿಕ್ಕರೆ, ಎದುರು ನಿಂತವನಿಗೆ ಎರಡನೆಯ ಪ್ರಶ್ನೆಯನ್ನೂ ಕೇಳಿ.