ಮಿಲಾಗ್ರಿಸ್ ಚರ್ಚಿನ ಮುಂದೆ ನಿಂತು

ಮಂಗಳೂರಿನ ಹಂಪನಕಟ್ಟೆಯ ಗದ್ದಲದ ನಡುವೆ ಮಿಲಾಗ್ರಿಸ್ ಚರ್ಚಿನ ಬೆಳ್ಳನೆಯ ಮುಂಭಾಗ ಮತ್ತು ಎತ್ತರದ ಕಂಬಗಳು ಯಾರನ್ನಾದರೂ ಒಂದು ಗಳಿಗೆ ನಿಲ್ಲಿಸುತ್ತವೆ. ಯುರೋಪಿನ ಮಾದರಿಯ ಈ ಮುಂಭಾಗಕ್ಕೆ ಗಾಂಭೀರ್ಯವಿದೆ. ಆದರೆ ಒಂದು ಕೊರತೆಯೂ ಇದೆ: ಅದು ತನ್ನ ವಯಸ್ಸನ್ನು ಹೇಳುವುದಿಲ್ಲ. ಹಳೆಯ ಮುಂಭಾಗ ಕುಸಿದ ಮೇಲೆ 1911ರ ಸುಮಾರಿಗೆ ಎದ್ದ ಕಟ್ಟಡವಿದು. ಕಥೆ ಮಾತ್ರ 1680ರಿಂದ ಶುರುವಾಗುತ್ತದೆ.

ಆಗ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಇಲ್ಲಿ ಚರ್ಚು ಕಟ್ಟಿಸಿದರು. ನೆಲ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮ. ವೀರಶೈವ ರಾಣಿಯ ನೆಲ, ಗೋವಾದಿಂದ ಬಂದ ಧರ್ಮಗುರು, ಕೊಂಕಣಿ ಮಾತಾಡುವ ಭಕ್ತರು. ಸೌಹಾರ್ದದ ಬಗ್ಗೆ ನಾವು ಮಾಡುವ ಭಾಷಣಗಳಿಗಿಂತ ಈ ಅಡಿಪಾಯ ಹೆಚ್ಚು ಗಟ್ಟಿ.

1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಈ ಚರ್ಚು ನೆಲಸಮವಾಯಿತು. ಘಟ್ಟ ಹತ್ತಿದವರಲ್ಲಿ ಬಹಳ ಮಂದಿ ಮರಳಿ ಬರಲಿಲ್ಲ. ಉಳಿದವರು ಊರು ಕಂಡದ್ದು 1799ರಲ್ಲಿ ಸುಲ್ತಾನ ಮಡಿದ ಮೇಲೆ.

ಟಿಪ್ಪುವಿನ ಹೆಸರು ಬಂದ ಕೂಡಲೇ ನಾವು ಮುಸ್ಲಿಮರು ವಕೀಲರಾಗಿಬಿಡುತ್ತೇವೆ. ಶೃಂಗೇರಿ ಮಠಕ್ಕೆ ಬರೆದ ಪತ್ರಗಳನ್ನು ಮುಂದಿಡುತ್ತೇವೆ. ಅವು ನಿಜ. ಕ್ರೈಸ್ತರು ಬ್ರಿಟಿಷರಿಗೆ ನೆರವಾದರು ಎಂಬ ಆರೋಪವನ್ನೂ ಸೇರಿಸುತ್ತೇವೆ. ಆದರೆ ತೊಟ್ಟಿಲ ಕೂಸು ಯಾವ ಬ್ರಿಟಿಷರಿಗೆ ನೆರವಾಗಿತ್ತು? ಬ್ರಿಟಿಷರ ವಿರುದ್ಧ ಹೋರಾಡಿ ಮಡಿದವನನ್ನು ಗೌರವಿಸಲು ಅವನ ಅನ್ಯಾಯವನ್ನು ಮುಚ್ಚಿಡಬೇಕಾಗಿಲ್ಲ. ಅನ್ಯಾಯ ಯಾರದೇ ಆದರೂ ಅನ್ಯಾಯವೆನ್ನಬೇಕೆಂದು ನಮ್ಮ ಧರ್ಮವೇ ಕಲಿಸಿಲ್ಲವೆ?

ಹಾಗೆಯೇ, 1784ನ್ನು ನೆನೆದು ಕಣ್ಣೀರಿಡುವ ಎಲ್ಲರನ್ನೂ ನಂಬಲಾಗದು. 2008ರ ಸೆಪ್ಟೆಂಬರ್ 14ರಂದು ಇದೇ ಚರ್ಚಿನ ಸಮೀಪದ ಆರಾಧನಾ ಮಠದ ಮೇಲೆ ದಾಳಿ ನಡೆಯಿತು. ಟಿಪ್ಪುವನ್ನು ಬೈಯಲು ಮಾತ್ರ ಕ್ರೈಸ್ತರ ನೋವನ್ನು ಎರವಲು ಪಡೆಯುವವರ ಕಣ್ಣು ಅಂದು ಒದ್ದೆಯಾದದ್ದು ನಮಗಂತೂ ಕಾಣಲಿಲ್ಲ.

ಮೂಡುಬಿದಿರೆ ಬಳಿಯ ಹೊಸಬೆಟ್ಟಿನ ಚರ್ಚು 1784ರಲ್ಲೂ ಉಳಿದುಕೊಂಡಿತು. ಜೈನ ಅರಸ ಚೌಟ ಅದರ ಪರವಾಗಿ ನಿಂತದ್ದೇ ಕಾರಣವೆನ್ನುತ್ತಾರೆ. ಮಿಲಾಗ್ರಿಸ್ ಪರವಾಗಿ ಅಂದು ನಿಂತವರಿರಲಿಲ್ಲ.

ಮಿಲಾಗ್ರಿಸ್ ಎಂದರೆ ಪೋರ್ಚುಗೀಸರ ಮಾತಿನಲ್ಲಿ ಪವಾಡಗಳು. ಕೆಡವಿದ ಜಾಗದಲ್ಲೇ ಮತ್ತೆ ಗಂಟೆ ಮೊಳಗಿದ್ದು ಅಂಥದೊಂದು ಪವಾಡವಿರಬಹುದು. ನೆರೆಯವನ ಪರವಾಗಿ ಹೊತ್ತಿಗೆ ಸರಿಯಾಗಿ ಬಾಯಿ ತೆರೆಯಲು ಮಾತ್ರ ಯಾವ ಪವಾಡವೂ ಬೇಕಿಲ್ಲ. ಅದು ನಮ್ಮ ಕೈಯಲ್ಲೇ ಇದೆ.