ಏಕಾಂತದ ಸೀಟು, ಮಡಿಲಿನ ಕೂಸು

ವಿಮಾನದ ತೊಟ್ಟಿಲನ್ನು ತೂಗಲು ಬರುವುದಿಲ್ಲ. ಕ್ಯಾಬಿನ್ನಿನ ಅಡ್ಡಗೋಡೆಗೆ ಸಿಕ್ಕಿಸಿದ ಸಣ್ಣ ಪೆಟ್ಟಿಗೆ ಅದು. ಒಳಗೆ ತೆಳುವಾದ ಮೆತ್ತೆ, ಮೇಲೊಂದು ಪಟ್ಟಿ. ಹೊರುವ ತೂಕ ಹೆಚ್ಚಿನ ವಿಮಾನಗಳಲ್ಲಿ ಹತ್ತು-ಹನ್ನೊಂದು ಕಿಲೊ, ಅಷ್ಟೇ. ಅತ್ತು ಅತ್ತು ದಣಿದ ಕೂಸು ಕಣ್ಣು ಮುಚ್ಚಿ ಅರ್ಧ ಗಂಟೆ ಆಗಿರುತ್ತದೆ. ವಿಮಾನ ಒಮ್ಮೆ ಅಲುಗುತ್ತದೆ, 'ಟಿಂಗ್' ಎಂದು ಸೀಟ್ ಬೆಲ್ಟಿನ ದೀಪ ಹೊತ್ತಿಕೊಳ್ಳುತ್ತದೆ. ನಿಯಮದ ಪ್ರಕಾರ ಕೂಸನ್ನು ಆ ಕ್ಷಣವೇ ಎತ್ತಿ ಮಡಿಲಲ್ಲಿ ಹಾಕಿಕೊಂಡು ಬೆಲ್ಟು ಬಿಗಿಯಬೇಕು. ಎತ್ತಿದ್ದೇ ತಡ, ಎಚ್ಚರ. ಹದಿನೇಳು ಗಂಟೆಯ ಹಾದಿಯಲ್ಲಿ ಹೀಗೆ ಎಷ್ಟು ಸಲ ಆಗಬೇಕೆಂದು ತೀರ್ಮಾನಿಸುವುದು ಗಾಳಿ. ಟಿಕೆಟ್ಟು ಯಾವ ದರ್ಜೆಯದು ಎಂದು ಅದು ಕೇಳುವುದಿಲ್ಲ.

ಹದಿನೇಳು ಗಂಟೆ ಎಂಬ ಲೆಕ್ಕ ಸುಮ್ಮನೆ ಬಂದದ್ದಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋ-ಬೆಂಗಳೂರು ನೇರ ಹಾರಾಟ ಆರಂಭಿಸಿದಾಗ ಹಿಡಿದ ಹೊತ್ತು ಹೆಚ್ಚುಕಡಿಮೆ ಅಷ್ಟು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದಲ್ಲಿ ಮಹಿಳಾ ಪೈಲಟ್‌ಗಳೇ ಬೋಯಿಂಗ್ 777 ವಿಮಾನವನ್ನು ಉತ್ತರ ಧ್ರುವದ ಮೇಲಿಂದ ತಂದಿಳಿಸಿದ್ದು ಅಂದಿನ ಪತ್ರಿಕೆಗಳಿಗೆ ದೊಡ್ಡ ಸುದ್ದಿ. ಬೇ ಏರಿಯಾದ ಕನ್ನಡ ಮನೆಗಳಿಗೆ ಅದು ಬೇರೆಯದೇ ಸುದ್ದಿಯಾಗಿತ್ತು: ನಡುವೆ ಎಲ್ಲೂ ಇಳಿಯದೆ ಮೊಮ್ಮಗುವನ್ನು ಅಜ್ಜಿಯ ಮುಂದೆ ತಂದು ನಿಲ್ಲಿಸಬಹುದು. ಮಗಳ ಬಾಣಂತನಕ್ಕೆ ಹೋಗುವ ಅಮ್ಮಂದಿರು, ನಾಮಕರಣಕ್ಕೋ ಚೌಲಕ್ಕೋ ಊರಿಗೆ ಬರುವ ಎಳೆಯ ದಂಪತಿ, ಇಂಥವರ ನಡುವೆ ಈಗ ಆಗಾಗ ಏಳುವ ಪ್ರಶ್ನೆ ಒಂದಿದೆ. ಉಳಿತಾಯ ಒಡೆದೋ, ಕಾರ್ಡಿನಲ್ಲಿ ಕೂಡಿಟ್ಟ ಮೈಲುಗಳನ್ನು ಸುರಿದೋ ಮಗುವಿನೊಂದಿಗೆ ಬಿಸಿನೆಸ್ ಕ್ಲಾಸಿನಲ್ಲಿ ಹೋಗುವುದು ಸಾರ್ಥಕವೇ?

ಉತ್ತರ ಹುಡುಕಲು ಮೊದಲು ಈ ದರ್ಜೆ ಯಾರಿಗಾಗಿ ಹುಟ್ಟಿತೆಂದು ನೋಡಬೇಕು. ಹೆಸರೇ ಹೇಳುವಂತೆ ವ್ಯವಹಾರಸ್ಥರಿಗಾಗಿ. ಪೂರ್ತಿ ದರ ಕೊಡುತ್ತಿದ್ದ ಕಚೇರಿ ಪ್ರಯಾಣಿಕರನ್ನು ಅಗ್ಗದ ಟಿಕೆಟ್ಟಿನ ಪ್ರವಾಸಿಗರಿಂದ ಬೇರೆ ಕೂರಿಸುವ ಏರ್ಪಾಡು ಎಪ್ಪತ್ತರ ದಶಕದ ಕೊನೆಗೆ ಶುರುವಾಯಿತು. ಆಸ್ಟ್ರೇಲಿಯದ ಕ್ವಾಂಟಾಸ್ 1979ರಲ್ಲಿ ಅದಕ್ಕೆ 'ಬಿಸಿನೆಸ್ ಕ್ಲಾಸ್' ಎಂದು ಹೆಸರಿಟ್ಟಿತು. 2000ದಲ್ಲಿ ಬ್ರಿಟಿಷ್ ಏರ್‌ವೇಸ್ ಈ ದರ್ಜೆಗೆ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ತಂದಿತು. ಲಂಡನ್ನಿನಲ್ಲಿ ರಾತ್ರಿ ಹತ್ತಿ, ಮಲಗಿ, ಬೆಳಿಗ್ಗೆ ಇನ್ನೊಂದು ಖಂಡದಲ್ಲಿ ಇಳಿದು ನೇರ ಮೀಟಿಂಗಿಗೆ ಹೋಗುವ ಮನುಷ್ಯನಿಗೆಂದು ಕಡೆದ ಸೀಟು ಅದು. ಆ ಮನುಷ್ಯ ಒಬ್ಬಂಟಿ. ಅವನ ತೋಳಲ್ಲಿ ಡೈಪರ್ ಚೀಲವಿಲ್ಲ.

ಆಮೇಲಿನ ಇಪ್ಪತ್ತೈದು ವರ್ಷದಲ್ಲಿ ಆದ 'ಸುಧಾರಣೆ'ಯೆಲ್ಲ ಅವನ ಏಕಾಂತವನ್ನು ಗಟ್ಟಿಮಾಡುವ ಸುಧಾರಣೆಯೇ. ಸುತ್ತ ಗಟ್ಟಿ ಕವಚ ಬಂತು, ಪಕ್ಕದವರ ಮುಖ ಕಾಣದಂತೆ ತಡಿಕೆ ಬಂತು, ಕೊನೆಗೆ ಬಾಗಿಲೂ ಬಂತು. 2024ರಲ್ಲಿ ಹಾರಾಟ ಆರಂಭಿಸಿದ ಏರ್ ಇಂಡಿಯಾದ ಏರ್‌ಬಸ್ ಎ350ರಲ್ಲೂ ಬಿಸಿನೆಸ್ ಕ್ಲಾಸಿನ 28 ಸೀಟುಗಳಿಗೆ ಬಾಗಿಲುಗಳಿವೆ. ಸಾಲಿಗೆ 1-2-1 ಎಂಬ ಜೋಡಣೆ ಈಗ ಎಲ್ಲೆಡೆ ಮಾದರಿ. ಕಿಟಕಿಯ ಬಳಿ ಒಬ್ಬರು, ನಡುವೆ ಇಬ್ಬರು, ಆ ಕಡೆ ಕಿಟಕಿಗೆ ಒಬ್ಬರು. ಯಾರೂ ಯಾರನ್ನೂ ದಾಟಿ ಹೋಗಬೇಕಿಲ್ಲ, ಯಾರಿಗೂ ಯಾರ ಮೊಣಕೈ ತಾಗದು. ದೊಡ್ಡವರಿಗೆ ಇದು ಸ್ವರ್ಗ. ಮೂರು ವರ್ಷದ ಮಗುವಿಗೆ?

ಮಗು ನಡುವಿನ ಜೋಡಿಯಲ್ಲಿ ಕೂತಿದೆ ಎಂದಿಟ್ಟುಕೊಳ್ಳಿ. ಪಕ್ಕದಲ್ಲಿ ಅಮ್ಮ ಇದ್ದಾಳೆ, ನಿಜ. ಆದರೆ ನಡುವೆ ಲೋಟ ಇಡುವ ಹಲಗೆ, ಅದರಾಚೆ ತಡಿಕೆ. ತಡಿಕೆ ಇಳಿಸಿದರೂ ಕೈ ಚಾಚಿದರೆ ಸಿಗುವುದು ಹೆಚ್ಚೆಂದರೆ ಭುಜ. ಅನೇಕ ವಿಮಾನಗಳಲ್ಲಿ ಈ ನಡುವಿನ ಜೋಡಿ ಒಂದು ಸಾಲಿನಲ್ಲಿ ಒತ್ತಾಗಿ, ಮುಂದಿನ ಸಾಲಿನಲ್ಲಿ ದೂರದೂರ ಇರುತ್ತದೆ. ಸೀಟಿನ ನಂಬರು ಒಂದು ಆಚೀಚೆಯಾದರೆ ಅಮ್ಮ-ಮಗುವಿನ ನಡುವೆ ಎರಡು ಹಲಗೆಗಳ ಅಗಲ. ಇನ್ನು ಆ ಖ್ಯಾತ ಹಾಸಿಗೆ. ದೊಡ್ಡವರ ಕಾಲು ಮುಂದಿನ ಸೀಟಿನ ಅಡಿಯ ಕಿರಿದಾದ ಗೂಡಿನೊಳಗೆ ಹೋಗುತ್ತದೆ. ಉದ್ದ ಸಿಗುವುದೇ ಆ ಗೂಡಿನಿಂದ. ಮಗುವಿನ ಕಾಲು ಅಲ್ಲಿಗೆ ಮುಟ್ಟುವುದಿಲ್ಲ, ಆದರೆ ಮಗುವಿಗೆ ಅದು ಗುಹೆ. ಬಣ್ಣದ ಪೆನ್ಸಿಲು, ಬಿಸ್ಕತ್ತು, ಅಪ್ಪನ ಫೋನು ಒಂದೊಂದಾಗಿ ಅದರೊಳಗೆ ಹೋಗುತ್ತವೆ. ಕೊನೆಗೆ ಮಗುವೂ ಹೋಗುತ್ತದೆ. ಹೊರಗೆಳೆಯುವ ಕೆಲಸ ದುಬಾರಿ ಸೀಟಿನಲ್ಲಿ ಮಂಡಿಯೂರಿದ ಅಪ್ಪನದು.

ಇಲ್ಲೊಂದು ತಮಾಷೆಯ ಸಂಗತಿ ಇದೆ. ಎಮಿರೇಟ್ಸ್‌ನ ಹಳೆಯ 777 ವಿಮಾನಗಳ ಬಿಸಿನೆಸ್ ಕ್ಲಾಸಿನಲ್ಲಿ ಸೀಟುಗಳು 2-3-2. ಮೂರರ ನಡುವಿನ ಸೀಟನ್ನು ವಿಮಾನ ವಿಮರ್ಶಕರು ವರ್ಷಗಟ್ಟಲೆ ಬೈದರು. ಇಷ್ಟು ಹಣ ಕೊಟ್ಟು ಇಬ್ಬರ ನಡುವೆ ಸಿಕ್ಕಿಕೊಳ್ಳುವುದೇ ಎಂದು. ಅಪ್ಪ, ಅಮ್ಮ, ನಡುವೆ ಮಗು ಇರುವ ಸಂಸಾರಕ್ಕೆ ಅದಕ್ಕಿಂತ ಒಳ್ಳೆಯ ಸಾಲು ಆಕಾಶದಲ್ಲಿ ಇರಲಿಲ್ಲ. 2024ರಿಂದ ನವೀಕರಿಸಿ ಬಿಡುತ್ತಿರುವ 777ಗಳಲ್ಲಿ ಎಮಿರೇಟ್ಸ್ ಕೂಡ 1-2-1ಕ್ಕೆ ಹೋಯಿತು. ವಿಮರ್ಶಕರು ಗೆದ್ದರು, ಸಂಸಾರಸ್ಥರು ಸೋತರು. ಇದಕ್ಕೆ ದೊಡ್ಡ ಅಪವಾದ ಕತಾರ್ ಏರ್‌ವೇಸ್ 2017ರಲ್ಲಿ ತಂದ ಕ್ಯೂಸ್ವೀಟ್. ನಡುವಿನ ನಾಲ್ಕು ಸೀಟುಗಳು ಎದುರುಬದುರಾಗಿ ಇದ್ದು, ತಡಿಕೆ ಸರಿಸಿದರೆ ಹಳೆಯ ರೈಲಿನ ಕೂಪೆಯ ಹಾಗೆ ಒಂದೇ ಕೋಣೆ. ಸಂಸಾರವೆಂದರೆ ಒಟ್ಟಿಗೆ ಕೂರುವುದು ಎಂಬ ಅರಿವು ಈ ದರ್ಜೆಯ ವಿನ್ಯಾಸದಲ್ಲಿ ಕಂಡ ಅಪರೂಪದ ಸಂದರ್ಭ ಅದು.

ದುಡ್ಡಿನ ಮಾತಿಗೆ ಬರೋಣ. ಎರಡು ವರ್ಷ ತುಂಬದ ಕೂಸು ಮಡಿಲಲ್ಲೇ ಹೋಗಬಹುದು. ಅಂತರರಾಷ್ಟ್ರೀಯ ಹಾರಾಟದಲ್ಲಿ ಅದಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ ಶೇ. 10. ಕೇಳಲು ಸಣ್ಣದು. ಆದರೆ ಶೇ. 10 ಯಾವುದರದು ಎಂಬುದೇ ಪ್ರಶ್ನೆ. ಹೋಗಿಬರುವ ಬಿಸಿನೆಸ್ ಟಿಕೆಟ್ಟು ನಾಲ್ಕು ಲಕ್ಷ ಎಂದಾದರೆ ಕೂಸಿನ ಪಾಲು 40,000 ರೂಪಾಯಿ, ತೆರಿಗೆ ಬೇರೆ. ಅಷ್ಟು ಕೊಟ್ಟ ಮೇಲೆ ಕೂಸಿಗೆ ಸಿಗುವುದು ಸೀಟಲ್ಲ, ಅಮ್ಮನ ಮಡಿಲು. ಅದು ಮನೆಯಲ್ಲೂ ಇತ್ತು. ಗೋಡೆಯ ತೊಟ್ಟಿಲು ಸಿಗುವುದು ಕೆಲವೇ ಸೀಟುಗಳ ಎದುರು, ಅದೂ ಮೊದಲೇ ಕೇಳಿದವರಿಗೆ. ಎರಡನೇ ಹುಟ್ಟುಹಬ್ಬ ಊರಿನಲ್ಲೇ ಆಚರಿಸಿದರಂತೂ ವಾಪಸು ಹೋಗುವಾಗ ಮಗುವಿಗೆ ಬೇರೆ ಸೀಟು ಕೊಳ್ಳಬೇಕು, ಹೆಚ್ಚುಕಡಿಮೆ ದೊಡ್ಡವರ ದರದಲ್ಲಿ. ಕೇಕಿನ ಖರ್ಚು ಅದರ ಮುಂದೆ ಏನೂ ಅಲ್ಲ.

ಹಾಗೆಂದು ಇದು ಬರೀ ದಂಡವೂ ಅಲ್ಲ. ಬೆಂಗಳೂರಿನಿಂದ ಯುರೋಪಿಗೂ ಕೊಲ್ಲಿಗೂ ಹೊರಡುವ ಹಲವು ವಿಮಾನಗಳ ವೇಳೆ ನಡುರಾತ್ರಿ ಮತ್ತು ಬೆಳಗಿನ ಜಾವದ ನಡುವೆ. ಆ ಹೊತ್ತಿನಲ್ಲಿ ಭುಜದ ಮೇಲೆ ನಿದ್ದೆ ಹೋದ ಮಗುವನ್ನು ಹೊತ್ತು ಉದ್ದ ಸಾಲಿನಲ್ಲಿ ನಿಲ್ಲದೆ ಚೆಕ್-ಇನ್ ಮುಗಿಸುವುದು ಸಣ್ಣ ಸುಖವಲ್ಲ. ಹಾಲೂಡಿಸುವ ತಾಯಿಗೆ ಮರೆಯಿದೆ, ಕಾಲು ಚಾಚಲು ಜಾಗವಿದೆ. ಶೌಚಾಲಯದ ಮುಂದೆ ಸರದಿ ಕಡಿಮೆ. ಡೈಪರ್ ಬದಲಿಸುವಾಗ ಹೊರಗಿನಿಂದ ಬಾಗಿಲು ಬಡಿಯುವವರಿಲ್ಲ. ಊಟದ ವಿಷಯ ಮಾತ್ರ ಹೇಳುವಂಥದ್ದೇನಿಲ್ಲ. ಮಕ್ಕಳ ಊಟವನ್ನು ಇಲ್ಲಿಯೂ ಹಿಂದಿನ ದಿನವೇ ಹೇಳಿರಬೇಕು. ಬಿಳಿ ಬಟ್ಟೆ ಹಾಸಿ ಕಂತುಕಂತಾಗಿ ಬಡಿಸುವ ಉಪಚಾರ ಮುಗಿಯುವವರೆಗೆ ಹಸಿದ ಮಗು ಕಾಯುವುದಿಲ್ಲ. ಹುರಿದು ಪುಡಿಮಾಡಿದ ಅವಲಕ್ಕಿಗೆ ಬಿಸಿನೀರು ಕೇಳಿ ಕಲಸಿ ತಿನ್ನಿಸುವ ಅಜ್ಜಿಯೇ ಅಲ್ಲಿ ಜಾಣೆ.

ನಿಜವಾದ ಲಾಭ ಬೇರೆ ಇದೆ, ಅದು ಮಗುವಿನದಲ್ಲ. ಬೆಂಗಳೂರಿಗೂ ಕ್ಯಾಲಿಫೋರ್ನಿಯಾಕ್ಕೂ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಇಳಿದ ಮೇಲೆ ಮಗುವಿಗೆ ಹಗಲು ರಾತ್ರಿ ಅದಲುಬದಲು. ರಾತ್ರಿ ಎರಡಕ್ಕೆ ಎದ್ದು ಆಟಕ್ಕೆ ಕೂರುತ್ತದೆ. ಅದನ್ನು ಯಾವ ಹಾಸಿಗೆಯೂ ತಪ್ಪಿಸದು. ಆದರೆ ವಿಮಾನದಲ್ಲಿ ಸರದಿಯ ಮೇಲೆ ನಾಲ್ಕು ಗಂಟೆ ಬೆನ್ನು ನೆಟ್ಟಗೆ ಮಾಡಿಕೊಂಡ ಅಪ್ಪ-ಅಮ್ಮ ಆ ಮೊದಲ ವಾರವನ್ನು ಒಬ್ಬರ ಮೇಲೊಬ್ಬರು ರೇಗದೆ ಕಳೆಯಬಲ್ಲರು. ಹಣ ಹೋಗುವುದು ಇದಕ್ಕೆ. ಮೈಲು ಕೊಟ್ಟು ಅಪ್ಪ ಒಬ್ಬನೇ ಮುಂದಿನ ದರ್ಜೆಗೆ ಹೋಗಿ, ಅಮ್ಮ-ಮಗು ಹಿಂದೆ ಉಳಿಯುವ ಮನೆಗಳೂ ಇವೆ. ಆ ಮನೆಗಳ ಮೊದಲ ವಾರ ಹೇಗಿರುತ್ತದೆಂಬುದು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ಅಳುವಿನ ಜಗಳ ಈ ವಿಷಯದಲ್ಲಿ ತಪ್ಪಿದ್ದಲ್ಲ. 2011ರಲ್ಲಿ ಮಲೇಷ್ಯಾ ಏರ್‌ಲೈನ್ಸ್, ಬೋಯಿಂಗ್ 747ರ ಫಸ್ಟ್ ಕ್ಲಾಸಿಗೆ ಕೂಸುಗಳನ್ನು ಬಿಡುವುದಿಲ್ಲ ಎಂದದ್ದು ದೊಡ್ಡ ಚರ್ಚೆಯಾಯಿತು. ನಿದ್ದೆ ಕೆಟ್ಟ ಪ್ರಯಾಣಿಕರ ದೂರುಗಳನ್ನು ಅದರ ಮುಖ್ಯಸ್ಥರು ಕಾರಣ ಕೊಟ್ಟಿದ್ದರು. 2013ರಲ್ಲಿ ಸ್ಕೂಟ್, 2016ರಲ್ಲಿ ನಮ್ಮ ಇಂಡಿಗೋ ಕೆಲವು ಸಾಲುಗಳನ್ನು ಹನ್ನೆರಡು ದಾಟದ ಮಕ್ಕಳಿಗೆ ಇಲ್ಲವೆಂದು 'ಮೌನ ವಲಯ' ಮಾಡಿದವು. ಜಪಾನ್ ಏರ್‌ಲೈನ್ಸ್ 2019ರಲ್ಲಿ ಜಾಣತನ ತೋರಿತು: ಎರಡು ವರ್ಷದೊಳಗಿನ ಕೂಸು ಎಲ್ಲಿ ಕೂರುತ್ತದೆ ಎಂಬುದನ್ನು ಸೀಟಿನ ನಕ್ಷೆಯಲ್ಲೇ ಗುರುತು ಹಾಕಿ ತೋರಿಸತೊಡಗಿತು. ಬೇಡದವರು ದೂರ ಕೂರಲಿ. ಕೂಸಿನವರು ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ. ಇಳಿಯುವಾಗ ಕೂಸು ಅಳುವುದಕ್ಕೆ ಹಟ ಕಾರಣವಲ್ಲ, ಕಿವಿನೋವು. ಕ್ಯಾಬಿನ್ನಿನ ಗಾಳಿಯೊತ್ತಡ ಏರುವಾಗ ಕಿವಿಯೊಳಗಿನ ಸಣ್ಣ ನಾಳ ತೆರೆದುಕೊಳ್ಳಬೇಕು. ಹಾಲು ಕುಡಿಸಿದರೆ ನುಂಗುವ ಕ್ರಿಯೆ ಅದನ್ನು ತೆರೆಯುತ್ತದೆ. ಸದ್ದು ಸಹಿಸದ ಪಕ್ಕದವರಿಗೂ ಇಷ್ಟು ಶರೀರಶಾಸ್ತ್ರ ಗೊತ್ತಿದ್ದರೆ ಚೆನ್ನ.

ಎಲ್ಲಕ್ಕಿಂತ ಗಂಭೀರವಾದದ್ದು ಸುರಕ್ಷತೆ, ಮಿನುಗುವ ಜಾಹೀರಾತುಗಳು ಬಾಯಿ ಬಿಡದ ವಿಷಯವೂ ಅದೇ. 1989ರ ಜುಲೈ 19ರಂದು ಡೆನ್ವರ್‌ನಿಂದ ಶಿಕಾಗೋಗೆ ಹೊರಟ ಯುನೈಟೆಡ್ 232 ವಿಮಾನ ಸೂ ಸಿಟಿಯಲ್ಲಿ ನೆಲಕ್ಕಪ್ಪಳಿಸಿತು. 296 ಮಂದಿಯಲ್ಲಿ 112 ಜನ ಸತ್ತರು. ಮಡಿಲ ಕೂಸುಗಳು ನಾಲ್ಕಿದ್ದವು. ಅಂದಿನ ಪದ್ಧತಿಯಂತೆ ಅವನ್ನು ನೆಲದ ಮೇಲೆ ಇಟ್ಟು ಹಿಡಿದುಕೊಳ್ಳಿ ಎಂದು ತಂದೆತಾಯಿಗೆ ಹೇಳಲಾಗಿತ್ತು. ಒಂದು ಕೂಸು ಉಳಿಯಲಿಲ್ಲ. ಹಾಗೆ ಹೇಳಬೇಕಾಗಿ ಬಂದ ಮುಖ್ಯ ಗಗನಸಖಿ ಜ್ಯಾನ್ ಬ್ರೌನ್, ಪ್ರತಿ ಕೂಸಿಗೂ ಸ್ವಂತ ಸೀಟು ಕಡ್ಡಾಯವಾಗಲಿ ಎಂದು ಆಮೇಲೆ ದಶಕಗಳ ಕಾಲ ಹೋರಾಡಿದರು. ಅಮೆರಿಕದ ವಿಮಾನಯಾನ ಆಡಳಿತ ಒಪ್ಪಲಿಲ್ಲ. ಇನ್ನೊಂದು ಟಿಕೆಟ್ಟಿನ ಖರ್ಚಿಗೆ ಹೆದರಿ ಜನ ಕಾರಿನಲ್ಲಿ ಹೊರಟಾರು, ರಸ್ತೆಯ ಸಾವುಗಳು ಹೆಚ್ಚಿಯಾವು ಎಂಬುದು ಅದರ ವಾದ. ಡೆನ್ವರ್-ಶಿಕಾಗೋ ಮಟ್ಟಿಗೆ ಅದರಲ್ಲಿ ಹುರುಳಿರಬಹುದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಕಾರು ಹೋಗುವುದಿಲ್ಲ.

ಹೋಗಲಿ, ಮಗುವಿಗೆ ಬೇರೆ ಸೀಟು ಕೊಂಡು ಕಾರಿನ ಮಕ್ಕಳ ಸೀಟನ್ನು ಅದರಲ್ಲಿ ಕಟ್ಟೋಣ ಎಂದರೆ ಬಿಸಿನೆಸ್ ಕ್ಲಾಸು ಅಡ್ಡ ಬರುತ್ತದೆ. ಓರೆಯಾಗಿ ಕೂರಿಸಿದ ಸೀಟುಗಳಲ್ಲಿ, ಬೆಲ್ಟಿನೊಳಗೇ ಏರ್‌ಬ್ಯಾಗ್ ಇರುವ ಸೀಟುಗಳಲ್ಲಿ ಅದಕ್ಕೆ ಹಲವು ಕಂಪನಿಗಳು ಒಪ್ಪುವುದಿಲ್ಲ. ಹತ್ತರಿಂದ ಇಪ್ಪತ್ತು ಕಿಲೊ ತೂಕದ ಮಕ್ಕಳಿಗೆ ಅಮೆರಿಕ ಮಾನ್ಯ ಮಾಡಿರುವ 'ಕೇರ್ಸ್' ಎಂಬ ಪಟ್ಟಿಯನ್ನು ಸೀಟಿನ ಬೆನ್ನಿಗೆ ಸುತ್ತಿ ಬಿಗಿಯಬೇಕು. ಗಟ್ಟಿ ಕವಚದ ಸೀಟಿಗೆ ಅದನ್ನು ಸುತ್ತುವುದೆಲ್ಲಿ? ಹಿಂದಿನ ಇಕಾನಮಿಯ ಬಡ ಸೀಟಿನಲ್ಲಿ ಅದು ಎರಡು ನಿಮಿಷದ ಕೆಲಸ. ಹೆಚ್ಚು ಹಣ ತೆತ್ತ ಕಡೆ ಮಗುವಿನ ಭದ್ರತೆ ಹೆಚ್ಚಬೇಕಿತ್ತು. ಇಲ್ಲಿ ತಿರುಗುಮುರುಗು.

ಮಗುವಿಗೆ ಬೇಕಾದದ್ದನ್ನು ಅರ್ಥಮಾಡಿಕೊಂಡ ವಿನ್ಯಾಸ ಬಂದದ್ದೂ ಇಕಾನಮಿಯಲ್ಲೇ. ಏರ್ ನ್ಯೂಜಿಲೆಂಡ್ 2011ರಲ್ಲಿ ತಂದ 'ಸ್ಕೈಕೌಚ್' ನೋಡಲು ಮಾಮೂಲಿ ಮೂರು ಸೀಟುಗಳ ಸಾಲು. ಕಾಲ ಕೆಳಗಿನ ಹಲಗೆಯನ್ನು ಎತ್ತಿ ನಿಲ್ಲಿಸಿದರೆ ಮೂರೂ ಸೇರಿ ಒಂದು ಜಗಲಿ. ಅದರ ಮೇಲೆ ಅಮ್ಮ ಕಾಲು ಮಡಿಸಿ ಮಲಗಬಹುದು, ಮಗು ಅವಳ ಹೊಟ್ಟೆಗೆ ಅಂಟಿಕೊಳ್ಳಬಹುದು. 2017ರಲ್ಲಿ ಆ ಕಂಪನಿ ಕೂಸುಗಳಿಗೆಂದೇ ಬೇರೆ ಬೆಲ್ಟು ತಂದಿತು. ಅದನ್ನು ಕಟ್ಟಿದರೆ ವಿಮಾನ ಎತ್ತರಕ್ಕೇರಿದ ಮೇಲೆ ದೀಪ ಹೊತ್ತಿದರೂ ಮಗು ಮಲಗಿಯೇ ಇರಬಹುದು. ಜಪಾನಿನ ಎಎನ್‌ಎ ಹೊನೊಲುಲು ಹಾದಿಯ ಎ380 ವಿಮಾನಗಳಲ್ಲಿ ಇಂಥದೇ ಸಾಲುಗಳನ್ನು ಇಟ್ಟಿದೆ. ರೇಷ್ಮೆ ಹೊದಿಕೆಯಿಲ್ಲ, ಬಾಗಿಲಿಲ್ಲ. ಒತ್ತಿಗೆ ಮಲಗುವ ಜಾಗವಿದೆ. ಬೆಂಗಳೂರಿಗೆ ಇಳಿಯುವ ವಿಮಾನಗಳಲ್ಲಿ ಇಂಥ ಒಂದು ಸಾಲು ಇದ್ದಿದ್ದರೆ ಎಷ್ಟೋ ಮನೆಗಳಲ್ಲಿ ಬಿಸಿನೆಸ್ ಕ್ಲಾಸಿನ ಚರ್ಚೆಯೇ ಏಳುತ್ತಿರಲಿಲ್ಲ.

ಒಟ್ಟಿನಲ್ಲಿ ವಯಸ್ಸು ನೋಡಿ ಹೇಳಬೇಕು. ಇನ್ನೂ ಅಂಬೆಗಾಲಿಡದ, ತೊಟ್ಟಿಲಿಗೆ ಹಿಡಿಸುವ ಕೂಸಿದ್ದರೆ, ಅದರಲ್ಲೂ ಬಾಣಂತಿ ಒಬ್ಬಳೇ ಹೊರಟಿದ್ದರೆ, ಕೊಟ್ಟ ಹಣಕ್ಕೆ ಮೋಸವಿಲ್ಲ. ಐದು ದಾಟಿ ಕಾರ್ಟೂನು ಹಾಕಿಕೊಂಡು ತಾನೇ ಮಲಗುವ ಮಗುವಿಗೂ ಸರಿ. ನಡುವಿನ ಕಾಲ, ಅಂದರೆ ತೊಟ್ಟಿಲಿಗೆ ದೊಡ್ಡದಾಗಿ ಸೀಟಿಗೆ ಚಿಕ್ಕದಾದ ಒಂದೂವರೆಯಿಂದ ಮೂರು ವರ್ಷ, ಆ ಹಣವನ್ನು ಹಿಂದಿನ ದರ್ಜೆಯಲ್ಲಿ ಮಗುವಿಗೊಂದು ಸ್ವಂತ ಸೀಟಿಗೆ ಹಾಕುವುದೇ ಮೇಲು. ಆದರೂ ಬಿಸಿನೆಸ್ ಕ್ಲಾಸೇ ಎಂದು ನಿಶ್ಚಯವಾಗಿದ್ದರೆ, ಕಂಪನಿಯ ಹೆಸರಿಗಿಂತ ಮೊದಲು ಸೀಟಿನ ನಕ್ಷೆ ನೋಡಿ: ನಡುವಿನ ಜೋಡಿ ಒತ್ತಾಗಿರುವ ಸಾಲು ಯಾವುದು, ತೊಟ್ಟಿಲು ಸಿಕ್ಕಿಸುವ ಗೋಡೆ ಯಾವ ಸೀಟಿನ ಎದುರಿದೆ, ಮಕ್ಕಳ ಸೀಟು ಕಟ್ಟಲು ಬಿಡುತ್ತಾರೋ ಇಲ್ಲವೋ. ಈ ಮೂರನ್ನೂ ಟಿಕೆಟ್ಟಿಗೆ ಹಣ ಕಟ್ಟುವ ಮೊದಲೇ ಫೋನು ಮಾಡಿ ಕೇಳಿಕೊಳ್ಳಿ.